ಕೃತ್ತಿಕೆ ರೋಹಿಣಿಗಳ ನಡುವೆ

ಮೇ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ಕೃತ್ತಿಕೆಯನ್ನು ದಾಟಿ ರೋಹಿಣೀ ನಕ್ಷತ್ರಕ್ಕೆ ಕಾಲಿಡುವ ಹೊತ್ತಿಗೆ, ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗಗಳ ಸೀಮೆಯಲ್ಲಿ ಎರಡು ಗಾದೆಗಳು ಏಕಕಾಲಕ್ಕೆ ಚಲಾವಣೆಗೆ ಬರುತ್ತವೆ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂಬುದು ತೆಲುಗರ ಮಾತು. ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ ಎಂಬುದು ಕನ್ನಡಿಗರ ಮಾತು. ಒಂದು ಬಿಸಿಲನ್ನು ಕುರಿತದ್ದು, ಇನ್ನೊಂದು ಮಳೆಯನ್ನು ಕುರಿತದ್ದು. ಪರಸ್ಪರ ವಿರುದ್ಧವೆಂದು ಪರಸ್ಥಳದವರಿಗೆ ತೋರಬಹುದಾದ ಈ ಎರಡು ಮಾತುಗಳನ್ನೂ ಒಂದೇ ಜಗಲಿಯ ಮೇಲೆ ಕುಳಿತು ಒಂದೇ ಉಸಿರಿನಲ್ಲಿ ಆಡುವ ಗಡಿನಾಡಿನ ರೈತನಿಗೆ ಅವುಗಳಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ಏಕೆಂದರೆ ಕಲ್ಲು ಬಿರಿಯುವಂತೆ ಬಿಸಿಲು ಕಾದ ದಿನದ ಸಾಯಂಕಾಲವೇ ಇಲ್ಲಿ ಗುಡುಗು ಕೇಳಿಸುವುದು, ಮತ್ತು ಆ ಬಿಸಿಲು ಇಲ್ಲದೆ ಹೋದರೆ ಆ ಮಳೆಯೂ ಇಲ್ಲ.

ಹಿಂದೂಪುರವು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಉತ್ತರ ಪಿನಾಕಿನಿಯ ಬಯಲಿನಲ್ಲಿ, ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮಿಗಿಲಾದ ಎತ್ತರದಲ್ಲಿ ನಿಂತ ಊರು. ಕಲ್ಯಾಣದುರ್ಗವು ಅಲ್ಲಿಂದ ವಾಯವ್ಯಕ್ಕೆ, ಹಗರಿಯೆಂದು ಹೆಸರಾದ ವೇದಾವತಿಯ ಕಡೆಗೆ ಸರಿದು, ಗಾಳಿಗೆ ಮೈಯೊಡ್ಡಿ ನಿಂತ ಇನ್ನೂ ಒಣನಾಡು. 2022ರ ಏಪ್ರಿಲಿನಲ್ಲಿ ಹಳೆಯ ಅನಂತಪುರ ಜಿಲ್ಲೆಯನ್ನು ವಿಭಜಿಸಿ, ಹಿಂದೂಪುರವನ್ನು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಕೊಟ್ಟು, ಕಲ್ಯಾಣದುರ್ಗವನ್ನು ಅನಂತಪುರದಲ್ಲಿಯೇ ಉಳಿಸಿಕೊಂಡರು. ಮೋಡಗಳಿಗೆ ಈ ಆಜ್ಞಾಪತ್ರ ಇನ್ನೂ ತಲಪಿದಂತಿಲ್ಲ. ಪಶ್ಚಿಮಘಟ್ಟಗಳು ಅರಬ್ಬೀ ಸಮುದ್ರದ ಮೋಡಗಳನ್ನು ತಡೆದು ಹಿಂಡಿಕೊಂಡ ಬಳಿಕ ಉಳಿದದ್ದು ಇಲ್ಲಿಗೆ ಬರಬೇಕು. ಬಂಗಾಳಕೊಲ್ಲಿಯ ಮೋಡಗಳೂ ದೂರದ ಪ್ರಯಾಣದಲ್ಲಿ ದಣಿದು ಬರಬೇಕು. ಆದಕಾರಣ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಾತ್ರ ಮಳೆ ಕಾಣುವ, ದೇಶದ ಅತ್ಯಂತ ಶುಷ್ಕ ಜಿಲ್ಲೆಗಳ ಸಾಲಿನಲ್ಲಿ ಎಣಿಕೆಯಾಗುವ ಭೂಭಾಗವಿದು. ಆ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ನೈಋತ್ಯ ಮಾರುತದ್ದು, ಕಾಲುಭಾಗಕ್ಕೆ ಸ್ವಲ್ಪ ಮೇಲ್ಪಟ್ಟದ್ದು ಹಿಂಗಾರಿನದು. ಮಾರ್ಚಿನಿಂದ ಮೇವರೆಗಿನ ಬೇಸಿಗೆಯ ಮಳೆಗೆ ಉಳಿಯುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಲೆಕ್ಕದಲ್ಲಿ ಅಲ್ಪವಾದ ಈ ಪಾಲು ಸದ್ದಿನಲ್ಲಿಯೂ ಸೊಕ್ಕಿನಲ್ಲಿಯೂ ಮಿಕ್ಕೆಲ್ಲ ಪಾಲುಗಳನ್ನು ಮೀರಿಸುತ್ತದೆ.

ಏಪ್ರಿಲಿನ ಕಡೆಯ ದಿನಗಳಲ್ಲಿ, ಎಂದರೆ ಸೂರ್ಯನು ಭರಣಿಯಲ್ಲಿ ಇರುವಾಗ, ಈ ಅಕ್ಷಾಂಶದಲ್ಲಿ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ ನೆಟ್ಟಗೆ ಬೀಳುತ್ತದೆ. ನೆಟ್ಟ ಕಂಬಕ್ಕೆ ನೆರಳೆಂಬುದಿರುವುದಿಲ್ಲ. ಬಂಡೆಯೂ ಕೆಂಪುಮಣ್ಣೂ ಕಾದು, ಅದಕ್ಕೆ ತಗಲಿದ ಗಾಳಿಯೂ ಕಾದು, ಹಗುರಾಗಿ ಮೇಲಕ್ಕೇಳುತ್ತದೆ. ಇಷ್ಟೇ ಆಗಿದ್ದರೆ ಸುಳಿಗಾಳಿಯೆದ್ದು ತರಗೆಲೆಯನ್ನು ಕುಣಿಸಿ ಮುಗಿದುಹೋಗುತ್ತಿತ್ತು. ಆದರೆ ಈ ಋತುವಿನಲ್ಲಿ ವಿದರ್ಭ ಮರಾಠವಾಡಗಳ ಕಡೆಯಿಂದ ಹೊರಟು, ಕರ್ನಾಟಕದ ಒಳನಾಡನ್ನು ಹಾಯ್ದು ದಕ್ಷಿಣಕ್ಕೆ ಚಾಚಿಕೊಳ್ಳುವ ಕಡಿಮೆ ಒತ್ತಡದ ಒಂದು ಗೆರೆಯುಂಟು. ಅದರ ಪಶ್ಚಿಮಕ್ಕೆ ಒಳನಾಡಿನ ಒಣಗಾಳಿ. ಪೂರ್ವಕ್ಕೆ ಬಂಗಾಳಕೊಲ್ಲಿಯಿಂದ ತೇವವನ್ನು ಹೊತ್ತು ಆಗ್ನೇಯ ದಿಕ್ಕಿನಿಂದ ಬರುವ ಗಾಳಿ. ಇವೆರಡೂ ಸಂಧಿಸುವ ಗೆರೆ ಒಂದು ದಿನ ತುಮಕೂರಿನ ಮೇಲೆ ಇದ್ದರೆ ಮರುದಿನ ಅನಂತಪುರದ ಮೇಲೆ ಇರುವುದುಂಟು. ಅದು ಅತ್ತ ಇತ್ತ ಸರಿದಾಡುವ ವಾರವೇ ನಾವು ಹವೆ ಕೆಟ್ಟಿದೆಯೆಂದು ಹೇಳುವ ವಾರ. ತೇವದ ಗಾಳಿ ಕಾದ ನೆಲದ ಮೇಲೆ ಬಂದು ಮೇಲಕ್ಕೇರತೊಡಗಿದಾಗ, ಏರಿದಂತೆಲ್ಲ ತಣಿದು, ತಣಿದಂತೆಲ್ಲ ಅದರ ಆವಿ ಹನಿಯಾಗಿ, ಹನಿಯಾಗುವಾಗ ಬಿಡುಗಡೆಯಾದ ಉಷ್ಣವೇ ಅದನ್ನು ಇನ್ನಷ್ಟು ಮೇಲಕ್ಕೆ ನೂಕಿ, ಮಧ್ಯಾಹ್ನ ಎರಡು ಗಂಟೆಗೆ ಹತ್ತಿಯ ಹಿಂಜಿಯಷ್ಟಿದ್ದುದು ನಾಲ್ಕು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡದ ಗೋಪುರವಾಗಿ ನಿಲ್ಲುತ್ತದೆ. ಎಲ್ಲೆಡೆಯೂ ಒಂದೇ ಸಮನಾಗಿ ಏರುವುದಿಲ್ಲವಾದ್ದರಿಂದಲೇ ಪರಿಗಿಯಲ್ಲಿ ಹಳ್ಳ ಹರಿದ ಸಂಜೆ ಲೇಪಾಕ್ಷಿಯಲ್ಲಿ ಅಂಗಳದ ಧೂಳೂ ಅಡಗದಿರುವುದು. ಒಲೆಯ ಮೇಲಿನ ಅಂಬಲಿ ಒಂದೆಡೆ ಕೊತಕೊತನೆ ಗುಳ್ಳೆಯೆದ್ದು ಪಕ್ಕದಲ್ಲಿ ಸುಮ್ಮನಿರುವಂತೆ.

ಬಂಗಾಳದಲ್ಲಿ ಇಂಥದೇ ಗಾಳಿಮಳೆಗೆ ಕಾಲವೈಶಾಖಿಯೆಂದು ಹೆಸರು. ನಮ್ಮ ಕೊಡಗು ಚಿಕ್ಕಮಗಳೂರುಗಳ ತೋಟದವರು ಮಾರ್ಚ್ ಏಪ್ರಿಲುಗಳಲ್ಲಿ ಇದನ್ನೇ ಹೂಮಳೆಯೆಂದು ಕಾದು ಕುಳಿತು, ಬಾರದಿದ್ದರೆ ತುಂತುರು ನೀರಾವರಿ ಹೂಡಿಯಾದರೂ ಕಾಫಿ ಗಿಡವನ್ನು ಅರಳಿಸುತ್ತಾರೆ.

ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಈ ವಿಷಯದಲ್ಲಿ ಒಂದು ಭೇದವಿದೆ. ಗಾಳಿ ಹೆಚ್ಚು ಒಣಗಿದ್ದಷ್ಟೂ ಮೋಡದ ಬುಡ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಉದುರಿದ ಹನಿ ನೆಲವನ್ನು ಮುಟ್ಟುವ ಮೊದಲೇ ಬಹುಭಾಗ ಆವಿಯಾಗಿಬಿಡುತ್ತದೆ. ಹಾಗೆ ಆವಿಯಾಗುವಾಗ ಸುತ್ತಲಿನ ಗಾಳಿಯ ಉಷ್ಣವನ್ನು ಹೀರಿಕೊಂಡು ಅದನ್ನು ತಣ್ಣಗೆ, ಭಾರವಾಗಿ ಮಾಡುತ್ತದೆ. ಭಾರವಾದ ಆ ಗಾಳಿ ನೆಲಕ್ಕೆ ಧುಮುಕಿ ನಾಲ್ಕು ದಿಕ್ಕಿಗೂ ಹರಡಿಕೊಳ್ಳುತ್ತದೆ. ಮಳೆಗೆ ಮುಂಚಿತವಾಗಿ ಮುಖಕ್ಕೆ ಬಡಿಯುವ ತಣ್ಣನೆಯ ಬಿರುಗಾಳಿ ಇದೇ. ಹಿಂದೂಪುರದ ಕಡೆ ಇದರ ಬೆನ್ನಿಗೇ ಮಳೆ ಬರುವ ಸಂಭವ ಹೆಚ್ಚು. ಕಲ್ಯಾಣದುರ್ಗದ ಕಡೆ ಅನೇಕ ಸಂಜೆಗಳಲ್ಲಿ ಗಾಳಿ ಮಾತ್ರ ಬಂದು, ಧೂಳಿನ ಕೆಂಪುಗೋಡೆಯೊಂದು ಬಯಲನ್ನೆಲ್ಲ ಹಾಯ್ದು, ಹೆಂಚು ಹಾರಿಸಿ, ಕರೆಂಟ್ ಕಂಬ ಕೆಡವಿ, ನಾಲ್ಕು ಹನಿ ಚೆಲ್ಲಿ ಹೋಗುತ್ತದೆ. ಇನ್ನೂ ಉತ್ತರಕ್ಕೆ, ಕಣೇಕಲ್ಲು ಬೊಮ್ಮನಹಾಳುಗಳ ಬಳಿ, ಹಗರಿಯ ಒಣ ಪಾತ್ರದಿಂದೆದ್ದ ಮರಳು ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕೂತಿರುವುದನ್ನು ನೋಡಿದವರಿಗೆ, ಇದು ಆಂಧ್ರವೋ ರಾಜಸ್ಥಾನವೋ ಎಂಬ ಅನುಮಾನ ಬಾರದಿರದು. ಆಲಿಕಲ್ಲಿನ ಮಾತು ಬೇರೆ. ಬೇಸಿಗೆಯಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮೇಲ್ಮುಖದ ಗಾಳಿಗೆ ಕಸುವಿದ್ದಷ್ಟು ಹೊತ್ತು ಹಿಮದ ಹರಳು ಅಲ್ಲಿಯೇ ತೇಲಾಡಿ ಪದರ ಪದರವಾಗಿ ಬೆಳೆದು, ಭಾರ ಮಿತಿಮೀರಿದಾಗ ಬೀಳುತ್ತದೆ. ಕರಾವಳಿಯ ಊರಾದರೆ ಬೀಳುವ ದಾರಿಯಲ್ಲಿ ಬಹುತೇಕ ಕರಗಿಹೋಗಬಹುದಾದದ್ದು, ಎತ್ತರದ ಈ ನಾಡಿನಲ್ಲಿ ಕರಗಲು ಸಾಕಷ್ಟು ದಾರಿ ಸಿಕ್ಕದೆ, ಮಾವಿನ ಕಾಯಿಗೆ ಬಡಿದು ಕಪ್ಪು ಮಚ್ಚೆಯಿಡುತ್ತದೆ.

ಇಂಥ ಮಳೆ ಯಾರಿಗೆ ಬೇಕು, ಯಾರಿಗೆ ಬೇಡ? ಮಳೆಯನ್ನು ವರವೆಂದೋ ಶಾಪವೆಂದೋ ಒಂದೇ ಮಾತಿನಲ್ಲಿ ತೀರ್ಮಾನಿಸುವ ಪದ್ಧತಿ ಪತ್ರಿಕೆಗಳಲ್ಲಿ ರೂಢವಾಗಿದೆ: ಮೇ ತಿಂಗಳಲ್ಲಿ ಸುರಿದದ್ದು ಅಕಾಲಿಕ, ಜೂನ್ ಐದರಂದು ಸುರಿದದ್ದು ಸಕಾಲಿಕ. ಹೊಲದಲ್ಲಿ ನಿಂತು ನೋಡಿದರೆ ಈ ವಿಭಾಗಕ್ಕೆ ಆಧಾರ ಕಾಣುವುದಿಲ್ಲ. ತಲೆಮಾರುಗಳಿಂದ ಖುಷ್ಕಿ ಬೇಸಾಯವನ್ನೇ ನಂಬಿದ ಈ ನಾಡಿನಲ್ಲಿ ಬೇಸಿಗೆಯ ಮಳೆ ಪಂಚಾಂಗದ ಅಧಿಕೃತ ಮಳೆ; ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಯೆಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಹೆಸರು ಪಡೆದು ಬರುವ ಅತಿಥಿ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂದ ಪೂರ್ವಿಕರು ಬೆಳೆಯನ್ನು ಆಗಲೇ ಬಿತ್ತುತ್ತಿದ್ದರೆಂದಲ್ಲ. ಆ ಮಳೆಗೆ ನೆಲ ಸಡಿಲಗೊಂಡು ನೇಗಿಲು ಇಳಿಯುತ್ತಿತ್ತು. (ನಕ್ಷತ್ರಮಾನದ ವರ್ಷವು ಋತುಮಾನದ ವರ್ಷಕ್ಕಿಂತ ತುಸು ದೊಡ್ಡದಾಗಿರುವುದರಿಂದ ಎಪ್ಪತ್ತು ವರ್ಷಗಳಿಗೊಂದು ದಿನದಂತೆ ಈ ತೇದಿಗಳು ಮುಂದಕ್ಕೆ ಜಾರುತ್ತಿವೆ, ವಿಜಯನಗರದ ಕಾಲದ ರೈತನ ಭರಣಿ ನಮ್ಮ ಭರಣಿಗಿಂತ ಒಂದು ವಾರ ಮೊದಲೇ ಬರುತ್ತಿತ್ತು. ಗಾದೆ ಮಾತ್ರ ಜಾರದೆ ನಿಂತಿದೆ.) ಬೇಸಿಗೆಯ ಉಳುಮೆಯಿಂದ ಕಳೆಯ ಬೇರು ಮೇಲೆ ಬಂದು ಸುಡುತ್ತದೆ, ಮಣ್ಣಿನಲ್ಲಿ ಅಡಗಿದ ಹುಳುವಿನ ಗೂಡು ಬಿಸಿಲಿಗೆ ಬೀಳುತ್ತದೆ, ಮುಂದೆ ಬರುವ ದೊಡ್ಡ ಮಳೆ ಇಂಗಲು ದಾರಿಯಾಗುತ್ತದೆ. ಉಳದೆ ಬಿಟ್ಟ ಕೆಂಪುನೆಲದ ಮೇಲೆ ಹನಿಗಳು ಬಡಿಬಡಿದು ಹೆಪ್ಪುಗಟ್ಟಿಸಿದ ತೆಳುವಾದ ಪದರ ಒಣಗಿದೊಡನೆ ಗಾರೆಯಷ್ಟು ಗಟ್ಟಿಯಾಗಿ, ಮತ್ತೆ ಬಿದ್ದ ಮಳೆಯನ್ನು ಒಳಗೆ ಬಿಡದೆ ಹಳ್ಳಕ್ಕೆ ಕಳಿಸಿಬಿಡುತ್ತದೆ.

ಮಳೆಯ ಮರುದಿನ ಬೆಳಿಗ್ಗೆ ಈ ಕಡೆಯ ಊರುಗಳಲ್ಲಿ ಯಾರೂ ಎಷ್ಟು ಮಿಲಿಮೀಟರ್ ಆಯಿತೆಂದು ಕೇಳುವುದಿಲ್ಲ.

“ಏನಣ್ಣಾ, ಹದ ಆಯ್ತಾ?”

“ಎಲ್ಲೀದು ಬಿಡಪ್ಪ. ಗಾಳಿಗೇ ಹೋಯ್ತು. ನಾಲ್ಕು ಬೆಟ್ಟು ನೆಂದೈತೆ, ಕೆಳಗೆ ಬರೀ ಧೂಳು. ಇನ್ನೊಂದು ಬಿದ್ರೆ ಮಡಕೆ ಕಟ್ಟಬೋದು.”

ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಕೈಬಿಟ್ಟರೆ ಪುಡಿಯಾಗಬೇಕು; ಇದು ಹದದ ಪರೀಕ್ಷೆ, ಇದಕ್ಕೆ ಯಂತ್ರ ಬೇಕಿಲ್ಲ. ಆದರೂ ಅಂಕೆಯಲ್ಲಿ ಹೇಳುವುದಾದರೆ, ಇಪ್ಪತ್ತು ಮಿಲಿಮೀಟರ್ ಮಳೆಯೆಂದರೆ ಎಕರೆಯೊಂದಕ್ಕೆ ಸುಮಾರು ಎಂಬತ್ತು ಸಾವಿರ ಲೀಟರ್ ನೀರು. ಕೊಳವೆಬಾವಿಯ ಮೋಟಾರು ರಾತ್ರಿಯೆಲ್ಲ ನಡೆದರೂ ಅಷ್ಟನ್ನು ಕೊಡುವುದು ಈ ಸೀಮೆಯಲ್ಲಿ ಅಪೂರ್ವ.

ಹೀಗೆ ನೂರಾರು ವರ್ಷ ಬರಮಾಡಿಕೊಂಡ ಅತಿಥಿ ಇತ್ತೀಚೆಗೆ ಅನೇಕರ ಪಾಲಿಗೆ ಕಳ್ಳನಾಗಿ ತೋರತೊಡಗಿರುವುದಕ್ಕೆ ಕಾರಣವನ್ನು ಆಕಾಶದಲ್ಲಿ ಮಾತ್ರ ಹುಡುಕಿದರೆ ಸಾಲದು. ಏಳೆಂಟು ಲಕ್ಷ ಹೆಕ್ಟೇರಿನಷ್ಟು ನೆಲವನ್ನು ಶೇಂಗಾ ಒಂದಕ್ಕೇ ಬಿಟ್ಟಿದ್ದ ಕಾಲದಲ್ಲಿ, ಅನಂತಪುರದ ಹೊಲಗಳು ಏಪ್ರಿಲ್ ಮೇ ತಿಂಗಳುಗಳಲ್ಲಿ ಬಟ್ಟಂಬಯಲಾಗಿ ಬಿದ್ದಿರುತ್ತಿದ್ದವು. ಬಿರುಗಾಳಿಗೆ ಕೆಡವಲು ಅಲ್ಲಿ ಹುಣಿಸೆಮರ, ಬೇವಿನಮರಗಳ ಹೊರತು ಮತ್ತೇನೂ ಇರಲಿಲ್ಲ. ಶೇಂಗಾ ಬಿತ್ತನೆ ಜೂನ್ ಕೊನೆಯಿಂದ ಜುಲೈವರೆಗೆ. ಆ ಶೇಂಗಾ ಮೇಲಿಂದ ಮೇಲೆ ಕೈಕೊಟ್ಟಿತು. 2003ರಲ್ಲಿ ಆರಂಭವಾದ ಆಂಧ್ರದ ಸೂಕ್ಷ್ಮ ನೀರಾವರಿ ಯೋಜನೆಯಿಂದ ಹನಿ ನೀರಾವರಿಯ ಕೊಳವೆಗಳು ಹೊಲಕ್ಕೆ ಇಳಿದವು. ಬಾಳೆ, ಪಪಾಯ, ದಾಳಿಂಬೆ, ಇಲ್ಲಿಯವರು ಚೀನಿಯೆಂದು ಕರೆಯುವ ಮೋಸಂಬಿ, ಇವೆಲ್ಲ ಬೆಳೆದು ನಿಂತವು. 2020ರ ಜನವರಿಯಲ್ಲಿ ಇದೇ ಜಿಲ್ಲೆಯ ತಾಡಿಪತ್ರಿಯಿಂದ ಬಾಳೆಹಣ್ಣನ್ನೇ ತುಂಬಿಕೊಂಡ ವಿಶೇಷ ರೈಲು ಮುಂಬಯಿಯ ಬಂದರಿಗೆ ಹೊರಟಿತೆಂದರೆ ಬದಲಾವಣೆಯ ಪ್ರಮಾಣವನ್ನು ಊಹಿಸಬಹುದು. ಬಾಳೆಯ ಕಾಂಡ ಮರವಲ್ಲ, ಎಲೆಯ ಬುಡಗಳು ಒಂದನ್ನೊಂದು ಸುತ್ತಿಕೊಂಡು ನಿಂತ ನೀರಿನ ಕಂಬ. ಬೇರು ಮೇಲ್ಮಣ್ಣಿನಲ್ಲಿಯೇ ಹರಡಿರುತ್ತದೆ. ತುದಿಯಲ್ಲಿ ಮೂವತ್ತು ಕಿಲೋ ತೂಗುವ ಗೊನೆ. ಬೀಸುಗಾಳಿಗೆ ಅಗಲವಾದ ಎಲೆಗಳು ಹಾಯಿಯಂತೆ ತುಂಬಿಕೊಂಡಾಗ, ಅರ್ಧ ಗಂಟೆಯೊಳಗೆ ತೋಟವೆಲ್ಲ ಒಂದೇ ದಿಕ್ಕಿಗೆ ಮಲಗುತ್ತದೆ. ಕಡಪ, ಅನಂತಪುರಗಳ ಬಾಳೆ ಬೆಳೆಗಾರರು 2025ರ ಮಾರ್ಚಿನಲ್ಲಿ ಅನುಭವಿಸಿದ್ದು ಇದನ್ನೇ. ಗೊನೆ ಹೊತ್ತ ಗಿಡಕ್ಕೆ ನೀಲಗಿರಿ ಗಳದ ಊರೆ ಕೊಡುವುದುಂಟು, ಗಿಡದಿಂದ ಗಿಡಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದುಂಟು, ತೋಟದ ಪಡುವಣಕ್ಕೆ ಗಾಳಿತಡೆಯ ಮರಸಾಲು ನೆಡುವುದುಂಟು. ಕಡೆಯದು ಅತ್ಯುತ್ತಮ, ಅದಕ್ಕೆ ಬೇಕಾದ ಎರಡು ಸಾಲು ನೆಲವನ್ನು ಬಿಟ್ಟುಕೊಡುವವರು ವಿರಳ. ಗಾಳಿಗೆ ಇದಿರಾಗಿ ನಿಲ್ಲಲಾರದ ಬೆಳೆಯನ್ನು ಗಾಳಿಯ ಕಾಲದಲ್ಲಿ ಗೊನೆಗೆ ಬರುವಂತೆ ನೆಟ್ಟು, ಗಾಳಿ ಅಕಾಲದಲ್ಲಿ ಬಂತೆನ್ನುವುದರಲ್ಲಿ ಪೂರ್ಣ ನ್ಯಾಯವಿಲ್ಲವೆಂದೇ ನನ್ನ ಎಣಿಕೆ. ಆದರೆ ಶೇಂಗಾ ನಂಬಿ ಸಾಲದಲ್ಲಿ ಮುಳುಗಿದವನಿಗೆ ಬೇರೆ ಏನನ್ನು ನೆಡೆಂದು ಹೇಳಬೇಕೆಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ.

ಹಿಂದೂಪುರ ಪೇಟೆಯ ಸಂಕಟ ಇನ್ನೊಂದು ಬಗೆಯದು. ಅಲ್ಲಿಯ ಮಾರ್ಕೆಟ್ ಯಾರ್ಡಿಗೆ ಬೇಸಿಗೆಯುದ್ದಕ್ಕೂ ಹುಣಿಸೆಹಣ್ಣು ಬರುತ್ತದೆ. ಕರಿಪುಳಿ, ಫ್ಲವರ್ ಎಂದು ಬಗೆ ವಿಂಗಡಿಸಿ ಹರಾಜು ಹಾಕುತ್ತಾರೆ. ಓಡು ಬಿಡಿಸಿ, ಬೀಜ ತೆಗೆದ ಹಣ್ಣಿನ ಬೆಲೆ ಅದರ ಬಣ್ಣದಲ್ಲಿದೆ. ಒಮ್ಮೆ ತೇವ ತಗಲಿದರೆ ಕೆಂಪು ಹೋಗಿ ಕಪ್ಪಿಡುತ್ತದೆ, ಅಂಟು ಬಿಡುತ್ತದೆ, ಬೂಸಲು ಹಿಡಿಯುತ್ತದೆ. ಮಧ್ಯಾಹ್ನದ ನಂತರ ಪಡುವಣದಲ್ಲಿ ಮೋಡ ಕಪ್ಪಾದೊಡನೆ ಹಮಾಲಿಗಳು ಟಾರ್ಪಾಲಿನ ಮೂಲೆಗಳನ್ನು ಹಿಡಿದು ಓಡುವುದೂ, ಹರಾಜಿನ ಕೂಗು ಇದ್ದಕ್ಕಿದ್ದಂತೆ ವೇಗ ಪಡೆಯುವುದೂ, ದರ ಇಳಿಯುವುದೂ ಏಕಕಾಲದಲ್ಲಿ ನಡೆಯುತ್ತವೆ; ಮಳೆ ಬಾರದೆ ಮೋಡ ಚದರಿಹೋದರೂ ಇಳಿದ ದರ ಆ ದಿನ ಮೇಲೇಳುವುದು ಅಪರೂಪ. ಅದೇ ಊರಿನ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೆಲ್ಲ ಹೆಸರಾದದ್ದು. ಅಲ್ಲಿಗೆ ಬರುವ ಗೂಡಿನ ಹಿಂದೆಯೂ ಇದೇ ಹವೆಯ ಕಥೆಯಿದೆ. ರೇಷ್ಮೆಹುಳುವಿಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸಿನ ಸ್ಥಿರವಾದ ಹವೆ ಬೇಕು. ಹಗಲು ಮೂವತ್ತೆಂಟಕ್ಕೇರಿ, ಸಂಜೆಯ ಮಳೆಗೆ ಒಂದೇ ಗಂಟೆಯಲ್ಲಿ ಹನ್ನೆರಡು ಹದಿಮೂರು ಡಿಗ್ರಿ ಇಳಿದು, ಮರುದಿನ ಮತ್ತೆ ಉಬ್ಬೆಯೇರುವ ಇಂಥ ವಾರದಲ್ಲಿ ಹಾಲುತೊಂಡೆಯೂ ಸಪ್ಪೆರೋಗವೂ ಹುಳುಮನೆಗೆ ನುಗ್ಗಲು ಹೊಂಚುತ್ತಿರುತ್ತವೆ. ಒದ್ದೆ ಸೊಪ್ಪು ಹಾಕಬಾರದೆಂದು ಬೆಳಿಗ್ಗೆಯ ಸೊಪ್ಪನ್ನು ಮನೆಯೊಳಗಿನ ನಡುಮನೆಯಲ್ಲಿ ಹರಡಿ, ಫ್ಯಾನು ಹಾಕಿ ಆರಿಸುವ ಹೆಣ್ಣುಮಕ್ಕಳು, ಹಣ್ಣುಹುಳುಗಳನ್ನು ಚಂದ್ರಂಕಿಗೆ ಬಿಟ್ಟ ಮೇಲೆ ನೂಲುವ ಆ ಎರಡು ಮೂರು ದಿನ ಬಾಗಿಲು ಕಿಟಕಿಗಳ ಕಾವಲುಗಾರರೇ ಆಗಿಬಿಡುತ್ತಾರೆ: ಗಾಳಿಯಾಡದಿದ್ದರೆ ಗೂಡು ಒದ್ದೆಯಾಗಿ ಎಳೆ ಬಿಚ್ಚದು, ಬಿರುಗಾಳಿ ನುಗ್ಗಿದರೆ ಹುಳು ನೂಲುವುದನ್ನೇ ಬಿಟ್ಟು ಒಂದು ಮೂಲೆಗೆ ಸರಿಯುತ್ತದೆ. ಹಿಪ್ಪುನೇರಳೆಯ ತೋಟಕ್ಕೆ ಮಾತ್ರ ಆ ಮಳೆ ಅಮೃತ. ತೋಟದ ಲಾಭ ಹುಳುಮನೆಯ ನಷ್ಟ, ಎರಡಕ್ಕೂ ಯಜಮಾನ ಒಬ್ಬನೇ.

ಸಿಡಿಲಿನ ವಿಷಯದಲ್ಲಿ ಇಂಥ ಲಾಭನಷ್ಟದ ಹಂಚಿಕೆಯಿಲ್ಲ. ಕಲ್ಯಾಣದುರ್ಗದ ಸುತ್ತ ಕುರಿಸಾಕಣೆ ಹಿರಿದಾದ ಕಸುಬು. ಮೋಡದೊಳಗೆ ಹಿಮದ ಹರಳುಗಳು ತಮ್ಮತಮ್ಮಲ್ಲಿ ತಾಗಿ ವಿದ್ಯುತ್ತು ಶೇಖರವಾಗುವ ಅದೇ ಸಾಯಂಕಾಲದ ಹೊತ್ತು ಮಂದೆ ಬಯಲಿನಲ್ಲಿರುತ್ತದೆ. ಬಟ್ಟಬಯಲಿನಲ್ಲಿ ಒಂಟಿಯಾಗಿ ನಿಂತ ಹುಣಿಸೆಮರ ಕುರಿಗೂ ಕುರುಬನಿಗೂ ಆಶ್ರಯವಾಗಿ ಕಾಣುವುದು ಸಹಜ. ಸಿಡಿಲಿಗೂ ಅದೇ ಮರ ಸುಲಭದ ದಾರಿಯಾಗಿ ಕಾಣುತ್ತದೆ. ಮರಕ್ಕೆ ಇಳಿದ ವಿದ್ಯುತ್ತು ಬೇರಿನ ಸುತ್ತ ನೆಲದಲ್ಲಿ ಹರಡುವಾಗ, ಮುಂಗಾಲಿಗೂ ಹಿಂಗಾಲಿಗೂ ದೂರವಿರುವ ನಾಲ್ಕು ಕಾಲಿನ ಪ್ರಾಣಿಯ ಮೈಯನ್ನು, ಎದೆಯನ್ನು ಹಾಯ್ದು ಹೋಗುತ್ತದೆ. ಒಂದೇ ಸಿಡಿಲಿಗೆ ಮಂದೆಗೆ ಮಂದೆಯೇ ಉರುಳುವುದು ಇದರಿಂದ. ಮಿಂಚು ಕಂಡ ಮೇಲೆ ಗುಡುಗಿಗೆ ಮೂರೆಣಿಸುವಷ್ಟು ಹೊತ್ತು ಹಿಡಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ತಿಳಿಯಬೇಕು, ಮರದ ಬುಡ ಬಿಟ್ಟು ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ಮಂದೆಯನ್ನು ಒತ್ತೊತ್ತಾಗಿ ಕೂಡಿಸದೆ ಚದರಿಸಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಎಂಬ ಆ್ಯಪ್ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆಯೆಂಬುದನ್ನು ಮೊಬೈಲಿನಲ್ಲಿಯೇ ತೋರಿಸುತ್ತದೆ; ಆಂಧ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಂಡಲಗಳ ಹೆಸರು ಹೇಳಿ ಎಚ್ಚರಿಕೆ ಕೊಡುತ್ತದೆ. ಕಂಬಳಿಯ ಮಡಿಕೆಯಲ್ಲಿ ಫೋನಿರುವ ಕುರಿಗಾಹಿಗಳು ಈಗ ಬಹುಮಂದಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಇರುವುದಿಲ್ಲವೆಂಬುದು ಉಳಿದ ಕೊರತೆ.

2025ರ ಮೇ ತಿಂಗಳು ಈ ಎಲ್ಲ ಲೆಕ್ಕಗಳನ್ನೂ ಒಮ್ಮೆಗೆ ಕಲಕಿತು. ದೇಶದ ಸರಾಸರಿಯಲ್ಲಿ 126.7 ಮಿಲಿಮೀಟರ್ ಮಳೆ ಸುರಿದು, 1901ರಿಂದ ದಾಖಲಾದ ಮೇ ತಿಂಗಳುಗಳಲ್ಲಿ ಅದೇ ಅತ್ಯಧಿಕವೆನಿಸಿತು. ಜೂನ್ ಒಂದರಂದು ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ರಂದೇ ಬಂದಿತು. ಎರಡು ಮೂರು ದಿನಗಳಲ್ಲಿ ಬೆಂಗಳೂರನ್ನೂ ದಾಟಿತು. ಬೇಸಿಗೆಯ ಗುಡುಗುಮಳೆ ಎಲ್ಲಿಗೆ ಮುಗಿಯಿತು, ಮುಂಗಾರು ಎಲ್ಲಿಂದ ಆರಂಭವಾಯಿತು ಎಂದು ಗೆರೆಯೆಳೆಯುವುದೇ ಕಷ್ಟವಾಯಿತು. ಇಂಥ ವರ್ಷದಲ್ಲಿ ಒಣನಾಡಿನ ರೈತನನ್ನು ಕಾಡುವ ಪ್ರಲೋಭನೆಯೆಂದರೆ ಬಿತ್ತಿಬಿಡುವುದು. ನೆಲ ನೆಂದಿದೆ, ಹದ ಬಂದಿದೆ, ಬೀಜ ಮನೆಯಲ್ಲಿದೆ. ಆದರೆ ರೋಹಿಣಿಯಲ್ಲಿ ಬಿತ್ತಿದ ಶೇಂಗಾ ಹೂ ಕಟ್ಟಿ ಊಡು ಇಳಿಸುವ ಹೊತ್ತಿಗೆ ಮಳೆ ಮೂರು ವಾರ ಕಣ್ಮರೆಯಾದರೆ ಬೀಜದ ಹಣವೂ ಹುಟ್ಟದು. ಮುಂಗಾರು ಬೇಗ ಬಂದದ್ದು ವರ್ಷವಿಡೀ ಚೆನ್ನಾಗಿರುವುದರ ಜಾಮೀನಲ್ಲ. 2009ರಲ್ಲಿ ಮೇ 23ಕ್ಕೇ ಕೇರಳ ಮುಟ್ಟಿದ ಮುಂಗಾರು, ಕಡೆಗೆ ದೇಶದ ಲೆಕ್ಕದಲ್ಲಿ ಶೇಕಡಾ 22ರಷ್ಟು ಕೊರತೆಯ ಬರಗಾಲವಾಗಿ ಪರಿಣಮಿಸಿತು. 2025ರದು ಹೆಚ್ಚಳದಲ್ಲಿ ಮುಗಿಯಿತು. ಉತ್ತು ಕಾಯಿರಿ, ಬಿತ್ತಬೇಡಿರಿ ಎಂಬ ಕೃಷಿ ವಿಜ್ಞಾನಿಗಳ ಸಲಹೆ ಈ ಅನಿಶ್ಚಯದಿಂದ ಹುಟ್ಟಿದ್ದು.

ಉಳುವುದಕ್ಕೂ ತಡಮಾಡಬೇಕಾದ ಒಂದು ಕಡೆಯುಂಟು. ಕಲ್ಯಾಣದುರ್ಗದಿಂದ ಉತ್ತರಕ್ಕೆ, ಗುಂತಕಲ್ಲಿನ ಬಳಿಯ ವಜ್ರಕರೂರಿನಲ್ಲಿಯೂ, ಅದಕ್ಕೆ ಆಚೆ ಕರ್ನೂಲು ಜಿಲ್ಲೆಯ ಜೊನ್ನಗಿರಿ ತುಗ್ಗಲಿಗಳಲ್ಲಿಯೂ, ಬೇಸಿಗೆಯ ಮೊದಲ ಮಳೆ ಬಿದ್ದ ಸುದ್ದಿ ತಿಳಿದೊಡನೆ ನೆರೆಯ ಜಿಲ್ಲೆಗಳಿಂದಲೂ ಬಳ್ಳಾರಿಯ ಕಡೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಬಂದು ಗುಡಿಯ ಪೌಳಿಯಲ್ಲಿ ಬೀಡುಬಿಡುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಿಂದ ಮೇಲೆದ್ದ ಕಿಂಬರ್ಲೈಟ್ ಶಿಲೆ ಆ ನೆಲದಲ್ಲಿದೆ. ಕಲ್ಯಾಣದುರ್ಗದ ಸುತ್ತಲೂ ಅಂಥ ಶಿಲೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಮಳೆ ಮೇಲ್ಮಣ್ಣನ್ನು ತೊಳೆದಾಗ ಒಮ್ಮೊಮ್ಮೆ ವಜ್ರದ ಹರಳು ಹೊರಗೆ ಕಾಣುತ್ತದೆ. ಹೊತ್ತು ಇಳಿದಾಗ, ಓರೆ ಬಿಸಿಲಿಗೆ ಇದಿರಾಗಿ, ಬೆನ್ನು ಬಗ್ಗಿಸಿ, ಗಂಡಸರು ಹೆಂಗಸರು ಮಕ್ಕಳು ಸಾಲುಸಾಲಾಗಿ ಹೊಲದಲ್ಲಿ ಹೆಜ್ಜೆಯಿಡುತ್ತಿರುತ್ತಾರೆ. ಹೊಲದೊಡೆಯನಿಗೆ ಬೇಕಾದದ್ದು ಹದ ಆರುವ ಮುನ್ನ ಒಂದು ಉಳುಮೆ; ಹುಡುಕುವವರಿಗೆ ಬೇಕಾದದ್ದು ತೊಳೆದ ನೆಲ ತೊಳೆದಂತೆಯೇ ಇನ್ನೆರಡು ದಿನ ಇರುವುದು. ಬದುವಿನ ಮೇಲೆ ನಿಂತು ಇವರಿಬ್ಬರೂ ವಾದಿಸುವ ಮಾತುಗಳು ಅರ್ಧ ತೆಲುಗು, ಅರ್ಧ ಕನ್ನಡ. ಸಾಮಾನ್ಯವಾಗಿ ಟ್ರ್ಯಾಕ್ಟರ್ ಬಂದ ಮೇಲೆ ಹುಡುಕುವವರು ಮುಂದಿನ ಹೊಲಕ್ಕೆ ದಾಟುತ್ತಾರೆ.